ಸುಸ್ತಿಗೆ ಸಾಕ್ಷಿ ಯಾರು?

ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು, ಕೈಕಾಲುಗಳ ಸ್ವಾಧೀನವನ್ನು ಬಹುಮಟ್ಟಿಗೆ ಮರಳಿ ಪಡೆದ ಮನುಷ್ಯನೊಬ್ಬನು ಹೊತ್ತು ನೆತ್ತಿಗೇರುವ ಮುನ್ನವೇ ಜಗಲಿಯ ಮೇಲೆ ಒರಗಿದನೆಂದರೆ, ಆಸ್ಪತ್ರೆಯ ಲಕೋಟೆಯನ್ನೆತ್ತಿ ಹಿಡಿದು, "ರಕ್ತ, ಬಿಪಿ ಎಲ್ಲಾ ನಾರ್ಮಲ್ ಅಂತ ಬರ್ದವ್ರೆ, ಇವ್ನಿಗೆಂಥ ಸುಸ್ತು? ಸೋಮಾರಿತನ ಅಷ್ಟೆ" ಎಂದು ತೀರ್ಪು ಕೊಡುವ ನ್ಯಾಯಾಧೀಶರಿಗೆ ಮಾಲೂರಿನಿಂದ ಮುಳಬಾಗಿಲಿನವರೆಗೆ ಎಲ್ಲಿಯೂ ಬರವಿಲ್ಲ. ಯಂತ್ರಕ್ಕೆ ಕಾಣದುದು ದೇಹದಲ್ಲಿಯೇ ಇಲ್ಲವೆಂಬ ಈ ನಂಬಿಕೆಯಷ್ಟು ನನ್ನ ತಾಳ್ಮೆಯನ್ನು ಕೆಡಿಸುವುದು ಮತ್ತೊಂದಿಲ್ಲ.

ನರರೋಗಗಳ ಆಯಾಸವನ್ನು ಅಳೆಯುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ರಕ್ತಹೀನತೆ, ಥೈರಾಯಿಡ್ ದೋಷ ಮೊದಲಾದ ಅನ್ಯಕಾರಣಗಳನ್ನು ರಕ್ತವು ತಿಳಿಸೀತು, ಅವನ್ನು ಮೊದಲು ಶೋಧಿಸಲೂ ಬೇಕು. ಅವಿಲ್ಲವೆಂದ ಮಾತ್ರಕ್ಕೆ ಆಯಾಸವೂ ಇಲ್ಲವೆಂದಾಗದು. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಯ ಎಂಆರ್‌ಐ ಚಿತ್ರದಲ್ಲಿ ತೋರುವ ಕಲೆಗಳಿಗೂ ಆತನು ಪಡುವ ದಣಿವಿಗೂ ಇರುವ ನಂಟು ತೀರ ದುರ್ಬಲವಾದುದು. ಯಂತ್ರದಿಂದ ಅಳೆಯುವ ಪ್ರಯತ್ನವೇ ನಡೆಯಲಿಲ್ಲವೆಂದಲ್ಲ: 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊಸ್ಸೊ, ತೂಕವೊಂದನ್ನು ಮತ್ತೆ ಮತ್ತೆ ಎಳೆಯುತ್ತ ಬೆರಳು ಸೋಲುವ ಪರಿಯನ್ನು ಗೆರೆಗಳಾಗಿ ಬರೆಯುವ ಉಪಕರಣವನ್ನೇ ನಿರ್ಮಿಸಿದ್ದನು. ಮಯಸ್ತೀನಿಯಾ ಗ್ರೇವಿಸ್ ಎಂಬ ರೋಗದಲ್ಲಿ ಸ್ನಾಯುವಿನ ಇಂಥ ಸೋಲನ್ನು ನರದ ವಿದ್ಯುತ್ಪರೀಕ್ಷೆಯು ಇಂದೂ ತೋರಿಸಬಲ್ಲುದು. ಆದರೆ ಸ್ನಾಯುವಿನ ಸೋಲು ಬೇರೆ, ಮನುಷ್ಯನಿಗಾಗುವ ದಣಿವಿನ ಅನುಭವ ಬೇರೆ. ವೈದ್ಯರು "ಕೈ ಬಿಗಿಯಾಗಿ ಹಿಡೀರಿ" ಎಂದಾಗ ಗಟ್ಟಿಯಾಗಿ ಹಿಡಿದು ತೋರಿಸಿದಾತನು, ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಮಾತಾಡಲಾರದಷ್ಟು ಬಳಲಿರಬಹುದು.

ದಣಿವಿನ ಈ ಅನುಭವವನ್ನು ಅಳೆಯುವ ಮಾರ್ಗ ಕೇಳುವುದೊಂದೇ. 1989ರಲ್ಲಿ ಅಮೆರಿಕದ ಲಾರೆನ್ ಕ್ರುಪ್ ಮತ್ತು ಸಂಗಡಿಗರು ಪ್ರಕಟಿಸಿದ ಆಯಾಸದ ಮಾಪಕದಲ್ಲಿರುವುದು 9 ವಾಕ್ಯಗಳು. ಕಳೆದ ವಾರವನ್ನು ನೆನೆದು, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ ಕೊಡಬೇಕು. ಸರಾಸರಿ 4ನ್ನು ಮುಟ್ಟಿದರೆ ಆಯಾಸವು ಗಣನೀಯವೆಂದು ಸಾಮಾನ್ಯವಾಗಿ ಎಣಿಸುವರು. ಬರಿಯ ಪ್ರಶ್ನೆಯೂ ಒಂದು ಅಳತೆಯೆ ಎಂದು ಮೂಗು ಮುರಿಯುವವರು ಶ್ರೀನಿವಾಸಪುರದ ಹಳ್ಳಿಗಳತ್ತ ನೋಡಲಿ: ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 45 ವರ್ಷ ದಾಟಿದ ಗ್ರಾಮಸ್ಥರನ್ನು ವರ್ಷಗಟ್ಟಲೆ ಅನುಸರಿಸಿ ಅಧ್ಯಯನ ನಡೆಸುತ್ತಿರುವ ಅಲ್ಲಿ, ಸ್ಕ್ಯಾನು ರಕ್ತಪರೀಕ್ಷೆಗಳೊಡನೆ, ನೆನಪಿನ ಶಕ್ತಿಯನ್ನು ತಿಳಿಯಲು ಪ್ರಶ್ನೆ ಕೇಳಿಯೇ ಅಂಕವಿಡುತ್ತಾರೆ.

ಸುಸ್ತೆಂದರೆ ನಿದ್ದೆಗಣ್ಣೆಂಬುದು ತಪ್ಪು. ತೂಕಡಿಕೆಗೆ ಎಪ್‌ವರ್ತ್ ಮಾಪಕವೇ ಬೇರೆಯಾಗಿದೆ. ಎಲ್ಲವೂ ಮನಸ್ಸಿನ ಖಿನ್ನತೆಯೆಂಬುದೂ ತಪ್ಪು. ಆಯಾಸ, ಖಿನ್ನತೆ ಎರಡೂ ಕೂಡಿ ಬರುವುದುಂಟು, ಬೇರೆಯಾಗಿಯೂ ಬರುವುದುಂಟು.

ಇನ್ನು ಗ್ಲೂಕೋಸ್ ಬಾಟಲಿ! ರೋಗಿಯ ಮಾತನ್ನು ನಂಬದ ಇದೇ ಮಹನೀಯರು, ಸಾಲ ಮಾಡಿಯಾದರೂ ಅವನಿಗೊಂದು ಡ್ರಿಪ್ಪು ಹಾಕಿಸಿ ಕೃತಾರ್ಥರಾಗುವರು. ಶೇಕಡಾ 5ರ ದ್ರಾವಣದ 500 ಮಿಲಿಲೀಟರಿನ ಬಾಟಲಿಯಲ್ಲಿರುವ ಗ್ಲೂಕೋಸು 25 ಗ್ರಾಮು ಮಾತ್ರ. ಕಣ್ಣಿಗೆ ಕಾಣುವ ಸೂಜಿ, ಕೊಳವೆಗಳಿದ್ದರೆ ಸಾಕು, ನಮ್ಮ ಜನ ಪ್ರಮಾಣವನ್ನೇ ಕೇಳರು. ಎದುರಿಗೆ ಕುಳಿತು ನುಡಿಯುವ ಮನುಷ್ಯನಿಂದ ಮಾತ್ರ ಪ್ರಮಾಣಪತ್ರ ಬೇಡುವರು.

ಆದಕಾರಣ ರೋಗಿಗಳ ಮನೆಯವರಲ್ಲಿ ನನ್ನ ಅರಿಕೆ ಇಷ್ಟೆ: ಮುಂದಿನ ಸಲ ನರರೋಗ ವೈದ್ಯರಲ್ಲಿಗೆ ಹೋಗುವ ಮೊದಲು, ದಣಿವು ಯಾವ ಹೊತ್ತಿಗೆ ಬಂತು, ಯಾವ ಕೆಲಸ ಅರ್ಧಕ್ಕೆ ನಿಂತಿತು ಎಂಬುದನ್ನು ಒಂದು ವಾರ ರೋಗಿಯನ್ನೇ ಕೇಳಿ ಬರೆದಿಡಿ, ಲಕೋಟೆಯೊಡನೆ ಆ ಹಾಳೆಯನ್ನೂ ವೈದ್ಯರ ಮುಂದಿಡಿ.