ಔಷಧದ ಹೆಸರು ಬದಲಾದಾಗ

ಯಾದಗಿರಿ, ಶಹಾಪುರ, ಸುರಪುರ ಭಾಗದ ಸದ್ಭಕ್ತರಲ್ಲಿ ಅನೇಕರು ತಜ್ಞವೈದ್ಯರನ್ನು ಕಾಣಲು ಕಲಬುರಗಿಗೋ ರಾಯಚೂರಿಗೋ ಹೋಗುತ್ತಾರೆ. ಔಷಧವನ್ನು ಮಾತ್ರ ತಮ್ಮೂರಿನಲ್ಲಿಯೇ ಕೊಳ್ಳುತ್ತಾರೆ. ಚೀಟಿಯಲ್ಲಿ ಒಂದು ಹೆಸರಿದ್ದು, ಅಂಗಡಿಯವರು ‘ಇದೂ ಅದೇ, ಬೆಲೆಯೂ ಕಡಿಮೆ’ ಎಂದು ಮತ್ತೊಂದನ್ನು ಕೊಟ್ಟರೆ ಏನು ಮಾಡಬೇಕು? ಇನ್ಸುಲಿನ್ ಪಡೆಯುವವರು ಈ ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ.

ಸಾಮಾನ್ಯ ಮಾತ್ರೆಗಳನ್ನು ಯಾರು ತಯಾರಿಸಿದರೂ ಮೂಲದ್ರವ್ಯದ ಅಣುರಚನೆ ಒಂದೇ. ಇನ್ಸುಲಿನ್ ಹಾಗೂ ಸಂಧಿವಾತ, ಅರ್ಬುದಗಳಿಗೆ ನೀಡುವ ಕೆಲವು ಚುಚ್ಚುಮದ್ದುಗಳು ಹಾಗಲ್ಲ. ಅವು ಜೀವಕೋಶಗಳಲ್ಲಿ ಬೆಳೆಸಿ ತೆಗೆಯುವ ಪ್ರೋಟೀನುಗಳು. ಬೇರೊಂದು ಸಂಸ್ಥೆ ತಯಾರಿಸಿದ್ದು ಮೂಲಕ್ಕೆ ಅತಿ ಸಮೀಪವಾಗಿರಬಹುದು, ಪಡಿಯಚ್ಚಾಗಿರದು. ಆದುದರಿಂದಲೇ ಅದಕ್ಕೆ ‘ಬಯೋಸಿಮಿಲರ್’ ಎಂದು ಹೆಸರು.

ಆಯುರ್ವೇದಕ್ಕೆ ಬದಲಿ ಔಷಧದ ವಿಚಾರ ಹೊಸದಲ್ಲ. ಮೇದಾ, ಮಹಾಮೇದಾ ದೊರೆಯದಿದ್ದಲ್ಲಿ ಶತಾವರಿಯನ್ನು, ಜೀವಕ, ಋಷಭಕಗಳಿಗೆ ವಿದಾರಿಕಂದವನ್ನು ಪ್ರತಿನಿಧಿ ದ್ರವ್ಯವಾಗಿ ಬಳಸಲು ಭಾವಪ್ರಕಾಶವು ಹೇಳುತ್ತದೆ. ಆದರೆ ಹಾಗೆ ಬದಲಿಸುವವನು ವೈದ್ಯನೇ ಹೊರತು ಗ್ರಂಥಿಗೆ ಅಂಗಡಿಯವನಲ್ಲ.

ಹೊಸದಾಗಿ ಚಿಕಿತ್ಸೆ ಆರಂಭಿಸುವವರಿಗೆ ಬಯೋಸಿಮಿಲರ್ ಕೊಡಲು ವೈದ್ಯರಿಗೆ ಅಷ್ಟು ಅಳುಕಿರಲಿಲ್ಲ. ರೋಗ ಹತೋಟಿಯಲ್ಲಿರುವವರನ್ನು ಏಕೆ ಕದಲಿಸಬೇಕು ಎಂಬ ಹಿಂಜರಿಕೆ ಬಹುಕಾಲವಿತ್ತು. ನಾರ್ವೆ ದೇಶದಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಪಡೆಯುತ್ತಿದ್ದ, ರೋಗ ಸ್ಥಿರವಾಗಿದ್ದ ಸುಮಾರು 480 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ಗಮನಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂಲ ಔಷಧದಲ್ಲಿಯೇ ಉಳಿದವರಲ್ಲಿ ಶೇ. 26, ಬದಲಿಸಿದವರಲ್ಲಿ ಶೇ. 30 ಮಂದಿಗೆ ರೋಗ ಉಲ್ಬಣಿಸಿತು. ಮೊದಲೇ ಗೊತ್ತುಪಡಿಸಿದ್ದ ಶೇ. 15ರ ಮಿತಿಯೊಳಗೇ ಈ ಅಂತರವಿತ್ತು. 2021ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯ ಗ್ಲಾರ್ಜಿನ್ ಇನ್ಸುಲಿನ್ನನ್ನು ಮೂಲದ ಬದಲಿಗೆ ಅಂಗಡಿಯಲ್ಲಿಯೇ ನೀಡಬಹುದೆಂದು ಅಮೆರಿಕದ ಔಷಧ ಪ್ರಾಧಿಕಾರ ಮಾನ್ಯ ಮಾಡಿತು. ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೇ ಸರಿ. ಆದರೆ ಆ ಮಾನ್ಯತೆ ಒಂದು ನಿರ್ದಿಷ್ಟ ಔಷಧಕ್ಕೆ ಸಂದದ್ದು. ಅಗ್ಗವಾಗಿ ಸಿಗುವ ಎಲ್ಲಕ್ಕೂ ಅನ್ವಯಿಸದು.

ನನ್ನ ದೃಷ್ಟಿಯಲ್ಲಿ, ಪರೀಕ್ಷೆಗೊಳಪಟ್ಟ ಬಯೋಸಿಮಿಲರಿಗೆ ಅಂಜಬೇಕಿಲ್ಲ. ತಿಳಿಯದೆ ಆಗುವ ಬದಲಾವಣೆಗೆ ಅಂಜಬೇಕು. ನಮ್ಮಲ್ಲಿ ಇನ್ಸುಲಿನ್ ಬಾಟಲಿಗಳು ಮಿಲಿಲೀಟರಿಗೆ 40 ಯೂನಿಟ್, 100 ಯೂನಿಟ್ ಎಂಬ ಎರಡು ಪ್ರಮಾಣಗಳಲ್ಲಿ ಸಿಗುತ್ತವೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಬಣ್ಣದ್ದು. 100ರ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ಎರಡೂವರೆ ಪಟ್ಟು ಔಷಧ ದೇಹ ಸೇರುತ್ತದೆ. ಸಕ್ಕರೆ ಕುಸಿದು ಬೆವರು, ನಡುಕ ಉಂಟಾಗಿ ಪ್ರಜ್ಞೆಯೂ ತಪ್ಪಬಹುದು. ಶ್ರಾವಣ ಸೋಮವಾರದ ಉಪವಾಸವೂ ಕೂಡಿದರೆ ಹೇಳುವುದೇ ಬೇಡ.

ಬದಲಿಸುವುದಾದರೆ ಚೀಟಿ ಬರೆದ ವೈದ್ಯರನ್ನು ಕೇಳಿಯೇ ಬದಲಿಸಬೇಕು. ಹೊಸ ಹೆಸರು, ಪ್ರಮಾಣಗಳನ್ನು ಬರೆಸಿಕೊಂಡು ಮೊದಲ ಕೆಲವು ವಾರ ಸಕ್ಕರೆಯನ್ನು ಹೆಚ್ಚು ಸಲ ಪರೀಕ್ಷಿಸಬೇಕು. ಓದುಬರಹ ತಿಳಿಯದ ಹಿರಿಯರು ಹಳೆಯ ಬಾಟಲಿಯನ್ನೂ ಸಿರಿಂಜಿನ ಮುಚ್ಚಳವನ್ನೂ ಅಂಗಡಿಗೆ ಒಯ್ದು ಹೊಸದರೊಂದಿಗೆ ಹೋಲಿಸಿ ತೋರಿಸುವಂತೆ ಕೇಳಲಿ.