ಚೌಕಿಯ ಚಾಪೆ

ಬೆಳಗ್ಗೆ ಒಂಬತ್ತಕ್ಕೆ ನಾನು ಪಂಜದ ಪೇಟೆಯಲ್ಲಿ ಬಸ್ಸಿನಿಂದ ಇಳಿಯುವಾಗ ಯಕ್ಷಗಾನ ಮೇಳ ಆಗಲೇ ಬಂದಾಗಿತ್ತು. ಮೇಳ ಅಂದರೆ ಸದ್ಯಕ್ಕೆ ಲಾರಿ ಮಾತ್ರ. ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟಗಳ ನಡುವೆ ಕೊಯ್ಲು ಮುಗಿದು ಒಣಗಿದ ಒಂದು ಗದ್ದೆ. ಮೂಲೆಯ ಹಲಸಿನ ಮರದಡಿ ಲಾರಿ, ಲಾರಿಯ ನೆರಳಿನಲ್ಲಿ ಚಾಪೆ, ಚಾಪೆಯ ಮೇಲೆ ಮುಸುಕು ಹೊದ್ದು ಮಲಗಿದ ಮೂವರು. ಹಿಂದಿನ ರಾತ್ರಿ ಬೇರೊಂದು ಊರಿನಲ್ಲಿ ಆಟ ಮುಗಿದ ಮೇಲೆ ರಂಗಸ್ಥಳ ಬಿಚ್ಚಿ, ಪೆಟ್ಟಿಗೆ ತುಂಬಿ, ಇಲ್ಲಿಗೆ ತಲಪುವಾಗ ಕೋಳಿ ಕೂಗಿತ್ತಂತೆ. ಅವರನ್ನು ಎಬ್ಬಿಸುವುದು ಬೇಡವೆಂದು ಆಟ ಆಡಿಸುವ ಮನೆಯ ಹಿರಿಯರು ನನ್ನನ್ನೇ ಕಾಫಿಗೆ ಕರೆದೊಯ್ದರು. ಮೇಳದ ಹೆಸರು ಇಲ್ಲಿ ಬೇಡ. ಹರಕೆ ಹೊತ್ತವರಿಗಾಗಿ ಆಡುವ ಯಾವ ಹರಕೆ ಮೇಳದ ದಿನಚರಿಯಾದರೂ ಹೆಚ್ಚುಕಡಿಮೆ ಇದೇ.

ಪುತ್ತೂರಿನಿಂದ ಕಾಣಿಯೂರು, ನಿಂತಿಕಲ್ಲು ದಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿದೆ ಪಂಜ. ಸುಳ್ಯ ತಾಲೂಕಿನ ಹೋಬಳಿ ಕೇಂದ್ರ, ಪಂಚಲಿಂಗೇಶ್ವರನ ಊರು. ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ತುಳು, ಅರೆಭಾಷೆ, ಹವ್ಯಕ ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ತಿರುಗಾಟದವರ ಕತೆ ಈ ಮಣ್ಣಿಗೆ ಹೊಸದಲ್ಲ. ತುಳು ಪಾಡ್ದನದ ವೀರರಾದ ಕೋಟಿ-ಚೆನ್ನಯರು ಪಡುಮಲೆ ಬಿಟ್ಟು ಅಲೆಯುತ್ತ ಬಂದು, ಒಂದು ಮನೆಯ ಮುಂದೆ ಬಾಯಾರಿ ನೀರು ಕೇಳಿ, ನೀರು ಕೊಟ್ಟವಳೇ ತಮ್ಮ ಅಕ್ಕ ಕಿನ್ನಿದಾರು ಎಂದು ತಿಳಿದದ್ದು ಪಂಜದಲ್ಲಿ. ಸೆರೆ ಬಿದ್ದದ್ದೂ ಇಲ್ಲೇ. ಆಶ್ರಯ ಸಿಕ್ಕಿದ್ದು, ಕೊನೆಗೆ ಕಾಳಗದಲ್ಲಿ ಮಡಿದದ್ದು ಪಕ್ಕದ ಎಣ್ಮೂರಿನಲ್ಲಿ. ದಾರಿಯಲ್ಲಿ ಬಂದವನಿಗೆ ಚೆಂಬು ನೀರು, ತುಂಡು ಬೆಲ್ಲ ಕೊಟ್ಟ ಮೇಲೆ ಮಾತು ಎಂಬ ರೂಢಿ ಈ ಕಡೆ ಇನ್ನೂ ಉಳಿದಿದೆ.

ಹತ್ತೂವರೆಗೆ ಲಾರಿಯವರು ಎದ್ದರು. ಒಬ್ಬ ಮುಖ ತೊಳೆದು ಬರುವಷ್ಟರಲ್ಲಿ ಇನ್ನೊಬ್ಬ ಕಬ್ಬಿಣದ ಕಂಬಗಳನ್ನು ಇಳಿಸತೊಡಗಿದ್ದ. ಯಾವ ಕಂಬ ಎಲ್ಲಿಗೆ, ಯಾವ ಹಗ್ಗ ಯಾವ ಗಂಟಿಗೆ ಎಂದು ಯಾರೂ ಕೇಳುವುದಿಲ್ಲ. ನಿನ್ನೆ ಕಟ್ಟಿದ್ದು, ನಾಳೆಯೂ ಕಟ್ಟುವುದು. ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24-25ರ ಸುಮಾರಿಗೆ. ನಡುವಿನ ಆರು ತಿಂಗಳು ದಿನಕ್ಕೊಂದು ಊರು, ಊರಿಗೊಂದು ಗದ್ದೆ. ರಂಗಸ್ಥಳ ಎದ್ದಿತು, ಹಿಂದೆ ಬಣ್ಣ ಹಚ್ಚುವ ಚೌಕಿಗೆ ತಗಡು ಹೊದೆಸಿದ್ದಾಯಿತು, ಮಧ್ಯಾಹ್ನದ ಗಂಜಿಯೂ ಆಯಿತು. ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿ ಇಳಿದು ನಡೆದೇ ಬರುತ್ತಿದ್ದ ಮೇಳಗಳನ್ನು ಹಿರಿಯರು ನೆನಪಿಸಿಕೊಂಡರು. ಆಗ ಮೇಳ ಬಂತೆಂದರೆ ಭಾಗವತರಿಂದ ಹಿಡಿದು ಅಡುಗೆಯವನ ತನಕ ಇಡೀ ಬಿಡಾರವೇ ಬರುತ್ತಿತ್ತು. ಜಗಲಿಯಲ್ಲಿ, ಕೊಟ್ಟಿಗೆಯ ಅಟ್ಟದಲ್ಲಿ, ಶಾಲೆಯ ಬೆಂಚಿನ ಮೇಲೆ ಎಲ್ಲೆಂದರಲ್ಲಿ ಹಗಲು ಮಲಗಿದವರೇ.

ಈಗ ಕಲಾವಿದರು ಬರುವುದು ಇಳಿಹೊತ್ತಿಗೆ, ಬೇರೆ ಬೇರೆಯಾಗಿ. ಮೂರೂವರೆಯಿಂದ ಗದ್ದೆಯ ಬದಿಯಲ್ಲಿ ಬೈಕುಗಳು ಒಂದೊಂದಾಗಿ ನಿಲ್ಲತೊಡಗಿದವು. ಬಂಟ್ವಾಳದ ಕಡೆಯ ಒಬ್ಬರು, ಬೆಳ್ತಂಗಡಿಯ ಇಬ್ಬರು, ಕಾಸರಗೋಡಿನ ಗಡಿಯಿಂದ ಒಬ್ಬರು. ಹೆಲ್ಮೆಟ್ಟು ತೆಗೆದು, ದೇವರಿಗೆ ಕೈಮುಗಿದು, ತಮ್ಮ ತಮ್ಮ ಜಾಗದಲ್ಲಿ ಕೂತರು. ಚೌಕಿಯಲ್ಲಿ ಕೂರುವುದಕ್ಕೂ ಕ್ರಮವಿದೆ. ಒಂದು ತುದಿಯಲ್ಲಿ ಮೇಳದ ದೇವರು. ವೇಷದ ಘನತೆ ನೋಡಿ ಸಾಲು. ಹುಡುಗರು ಕೊನೆಗೆ.

ಇವತ್ತಿನ ಪ್ರಸಂಗ ದೇವಿ ಮಹಾತ್ಮೆ. ಮಹಿಷಾಸುರನಾಗುವವರು ಎಲ್ಲರಿಗಿಂತ ಮೊದಲು ಕನ್ನಡಿ ಹಿಡಿದರು. ಬಣ್ಣದ ವೇಷಕ್ಕೆ ಮೂರು ಗಂಟೆಯಾದರೂ ಬೇಕು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಚುಟ್ಟಿ ಇಡಬೇಕು. ಒಂದು ಸಾಲು ಒಣಗಿದ ಮೇಲೆ ಮುಂದಿನ ಸಾಲು. ಅಷ್ಟು ಹೊತ್ತು ನಗುವಂತಿಲ್ಲ, ಮಾತಾಡುವಂತಿಲ್ಲ. ಪಕ್ಕದಲ್ಲಿ ಪುಂಡುವೇಷದ ಹುಡುಗ ಕಾಲಿಗೆ ಬಟ್ಟೆ ಸುತ್ತುತ್ತಿದ್ದ. ಗೆಜ್ಜೆ ಉಜ್ಜಿ ಉಜ್ಜಿ ಕಣಕಾಲಿನ ಚರ್ಮ ಕಪ್ಪಗೆ ದಪ್ಪಗಾಗಿದೆ. ಪುತ್ತೂರು ಶ್ರೀಧರ ಭಂಡಾರಿಯವರ ಧೀಂಗಿಣ ನೋಡಿ ಮೇಳಕ್ಕೆ ಬಂದ ತಲೆಮಾರು ಇದು. 'ಸಿಡಿಲಮರಿ' ಎಂದೇ ಜನ ಕರೆಯುತ್ತಿದ್ದ ಅವರು ತೀರಿಹೋದದ್ದು 2021ರಲ್ಲಿ. ವೇಷ ಕಟ್ಟಲು ಒಬ್ಬನಿಂದ ಆಗದು. ಹಿಂದೆ ನಿಂತವನು ಸೊಂಟದ ಹಗ್ಗ ಜಗ್ಗಿ ಬಿಗಿಯಬೇಕು. ಒಮ್ಮೆ ಬಿಗಿದ ಮೇಲೆ ನೀರು ಕುಡಿಯುವುದೂ ಲೆಕ್ಕದ ಮೇಲೆಯೇ.

ಗಮನಿಸಿದ ಒಂದು ಸಂಗತಿ: ಚೌಕಿಯ ಮಾತೆಲ್ಲ ತುಳು. ಸಾಲದ ಕಂತು, ಮಗಳ ಪರೀಕ್ಷೆ, ನಾಳೆಯ ಕ್ಯಾಂಪ್ ಎಲ್ಲಿ ಎಂಬ ವಾಟ್ಸಾಪ್ ಸಂದೇಶ. ಅದೇ ಬಾಯಿ ತೆರೆ ಸರಿಸಿ ರಂಗಸ್ಥಳಕ್ಕೆ ಕಾಲಿಟ್ಟೊಡನೆ ಒಂದೇ ಒಂದು ಇಂಗ್ಲಿಷ್ ಪದ ನುಸುಳದ ಕನ್ನಡ ಆಡುತ್ತದೆ. ಬಾಯಿಪಾಠವೂ ಅಲ್ಲ. ಪ್ರಸಂಗದಲ್ಲಿ ಇರುವುದು ಪದ್ಯ ಮಾತ್ರ, ಅರ್ಥ ಅಲ್ಲೇ ಹುಟ್ಟಬೇಕು. ರಿಹರ್ಸಲ್ ಎಂಬುದು ಮೇಳಕ್ಕೆ ಗೊತ್ತೇ ಇಲ್ಲ.

ಸಂಜೆ, ಆಟವಿದೆಯೆಂದು ಸಾರುವ ಕೇಳಿ ಬಡಿದರು. ಚೆಂಡೆಯ ಸದ್ದು ತೋಟ ದಾಟಿ ಗುಡ್ಡಕ್ಕೆ ಬಡಿದು ಹಿಂದೆ ಬಂತು. ಚೌಕಿಪೂಜೆ ಮುಗಿದು, ಕೋಡಂಗಿ, ಬಾಲಗೋಪಾಲರಾಗಿ ಹುಡುಗರು ಕುಣಿದರು. ಮೇಳದ ಮೊದಲ ತರಗತಿ ಇದು. ಇಲ್ಲಿಂದ ಪುಂಡುವೇಷ, ಆಮೇಲೆ ಕಿರೀಟ. ಗದ್ದೆಯಲ್ಲಿ ಕುರ್ಚಿ ತುಂಬಿತು. ಭಾಗವತರು ಜಾಗಟೆ ಹಿಡಿದು ಕೂತರು.

ನನಗಾಗ ಅಡ್ಡಾದಿಡ್ಡಿಯಾಗಿ ಒಂದು ನೆನಪು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಇಂಗ್ಲೆಂಡಿನ ಮೆಟಲ್ ತಂಡ ಐರನ್ ಮೇಡನ್, ಮರುವರ್ಷ ತನ್ನ ಸಾಮಾನನ್ನೆಲ್ಲ ಒಂದು ಬೋಯಿಂಗ್ 757ಕ್ಕೆ ತುಂಬಿಕೊಂಡು ಲೋಕ ಸುತ್ತಿತು. ವಿಮಾನದ ಪೈಲಟ್ ತಂಡದ ಹಾಡುಗಾರ ಬ್ರೂಸ್ ಡಿಕಿನ್ಸನ್ನೇ. ಪತ್ರಿಕೆಗಳಿಗೆ ಅದೊಂದು ಸೋಜಿಗ. ನಮ್ಮಲ್ಲಿ ಹಾಡುವವನೇ ನಡೆಸುವವನು ಎನ್ನುವುದು ಹುಟ್ಟಿನಿಂದ ಕಂಡದ್ದು. ಯಾವ ಪದ್ಯ ಎಳೆಯಬೇಕು, ಯಾವುದನ್ನು ಹಾರಿಸಬೇಕು, ದಣಿದವನನ್ನು ಯಾವಾಗ ಒಳಗೆ ಕಳಿಸಬೇಕು, ಎಲ್ಲ ಭಾಗವತರ ಜಾಗಟೆಯಲ್ಲಿದೆ. ಆ ಜಾಗದಲ್ಲಿ ಹೆಣ್ಣೊಬ್ಬಳು ಕೂತದ್ದೂ ಉಂಟು. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಡಿತ್ತಾಯರು ವೃತ್ತಿಮೇಳಗಳಲ್ಲಿ ಗಂಡಸರ ನಡುವೆ ವರ್ಷಗಟ್ಟಲೆ ತಿರುಗಾಟ ಮಾಡಿದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ, ಬಿಡಾರದಲ್ಲಿ ಅವರಿಗೊಂದು ಮರೆ ಹೇಗೆ ಸಿಗುತ್ತಿತ್ತೋ ಎಂದು ಯೋಚಿಸಿದ್ದೆ.

ಮಹಿಷ ಬಂದದ್ದು ಗದ್ದೆಯ ಆಚೆ ತುದಿಯಿಂದ, ಜನರ ನಡುವೆ. ಎರಡು ಬದಿ ದೊಂದಿ, ದೊಂದಿಗೆ ಎರಚಿದ ರಾಳದ ಪುಡಿಗೆ ಭಗ್ಗೆಂದು ಎದ್ದ ಬೆಂಕಿ, ಕೋಡು ಅಲ್ಲಾಡಿಸುತ್ತ ಗರ್ಜನೆ. ನನ್ನ ಮುಂದಿದ್ದ ಮಗು ಅಜ್ಜಿಯ ಸೆರಗಿನೊಳಗೆ ಹೊಕ್ಕಿತು. ಒಂದೂವರೆ ಗಂಟೆಯ ಮೇಲೆ ಚೌಕಿಗೆ ಹೋಗಿ ನೋಡಿದರೆ ಅದೇ ಮಹಿಷ ಗೋಡೆಗೊರಗಿ, ಕೊಬ್ಬರಿ ಎಣ್ಣೆಯಲ್ಲಿ ಚುಟ್ಟಿ ಕೀಳುತ್ತ, ಏದುಸಿರಿನಲ್ಲಿ ಕೂತಿದ್ದರು. ಐವತ್ತು ದಾಟಿದ ದೇಹ. 2022ರ ಡಿಸೆಂಬರಿನಲ್ಲಿ ಕಟೀಲಿನಲ್ಲಿ ಕಲಾವಿದ ಗುರುವಪ್ಪ ಬಾಯಾರು ವೇಷದಲ್ಲಿರುವಾಗಲೇ ರಂಗಸ್ಥಳದಲ್ಲಿ ಕುಸಿದು ಪ್ರಾಣಬಿಟ್ಟದ್ದನ್ನು ಚೌಕಿ ಮರೆತಿಲ್ಲ. ಭಾಗವತ ಪಟ್ಲ ಸತೀಶ್ ಶೆಟ್ಟಿಯವರು 2015ರಲ್ಲಿ ಕಟ್ಟಿದ ಪಟ್ಲ ಫೌಂಡೇಶನ್ ಕಲಾವಿದರಿಗೆ ವಿಮೆ, ಮನೆ ಎಂದು ಓಡಾಡುತ್ತಿರುವುದು ಸುಮ್ಮನೆ ಅಲ್ಲ.

ಹನ್ನೆರಡಕ್ಕೆ ಮಂಗಳ. ಇದು ಕಾಲಮಿತಿಯ ಆಟ. ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಧ್ವನಿವರ್ಧಕಕ್ಕೆ ತಡೆ ಹಾಕುವ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ, ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕ, ಎರಡೂ ಸೇರಿ ಇಡೀ ರಾತ್ರಿಯ ಆಟವನ್ನು ಅರ್ಧಕ್ಕೆ ತಂದವು. 2022ರಲ್ಲಿ ಕಟೀಲು ಮೇಳಗಳೂ ಕಾಲಮಿತಿಗೆ ಬಂದಾಗ ಜಗಳ ಹೈಕೋರ್ಟಿನ ತನಕ ಹೋಯಿತು. ರಾಗ ಕೆಟ್ಟಿತು, ಪ್ರಸಂಗ ತುಂಡಾಯಿತು, ಕಲಾವಿದರಿಗೆ ನಿದ್ದೆ ಸಿಕ್ಕಿತು ಎಂದು ವಾದಗಳು. ಯಾರೂ ಹೇಳದ ಒಂದು ಮಾತು ನನಗೆ ಕಂಡದ್ದು ಗದ್ದೆಯ ಬದಿಯಲ್ಲಿ, ಹನ್ನೆರಡೂವರೆಗೆ.

ಇಡೀ ರಾತ್ರಿ ಆಟವಿದ್ದಾಗ ಬೆಳಕು ಹರಿದ ಮೇಲೆ ಮೇಳ ಒಟ್ಟಿಗೆ ಮಲಗುತ್ತಿತ್ತು, ಒಟ್ಟಿಗೆ ಏಳುತ್ತಿತ್ತು. ಹಿರಿಯ ವೇಷಧಾರಿ ಮಗ್ಗುಲಿನ ಹುಡುಗನಿಗೆ ಅರ್ಥ ತಿದ್ದುತ್ತಿದ್ದದ್ದು ಆ ಚಾಪೆಯ ಮೇಲೆ. ಈಗ ಮಂಗಳದ ಪದ್ಯ ಮುಗಿಯುವ ಮೊದಲೇ ಬಣ್ಣ ಒರೆಸಿದ ಮುಖಗಳು ಹೆಲ್ಮೆಟ್ಟಿನೊಳಗೆ ಸೇರುತ್ತವೆ. ನಾಲ್ಕು ಗಂಟೆ ಕುಣಿದ ಕಾಲು ಐವತ್ತು ಅರುವತ್ತು ಕಿಲೋಮೀಟರ್ ಬೈಕಿನ ಬ್ರೇಕ್ ತುಳಿಯಬೇಕು. ಕಾಡಂಚಿನ ತಿರುವು, ಮಂಜು, ಈ ಭಾಗದಲ್ಲಂತೂ ರಸ್ತೆ ದಾಟುವ ಆನೆ. ಆಟ ಮುಗಿಸಿ ಹೋಗುವ ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿದ ಕಲಾವಿದರ ಸುದ್ದಿ ಆಗಾಗ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ಕಾಲಮಿತಿ ಕೊಟ್ಟ ನಿದ್ದೆಯಲ್ಲಿ ಎರಡು ಗಂಟೆಯನ್ನು ರಸ್ತೆ ಕಿತ್ತುಕೊಳ್ಳುತ್ತಿದೆ.

ಆ ರಾತ್ರಿ ಮನೆಯ ಹಿರಿಯರು ಯಾರನ್ನೂ ತಡೆಯಲಿಲ್ಲ. ಅಂಗಳದ ದೀಪ ಆರಿಸದೆ, ಜಗಲಿಯಲ್ಲಿ ಎಂಟು ಚಾಪೆ ಬಿಡಿಸಿ, ಹಂಡೆಗೆ ಬೆಂಕಿ ಹಾಕಿ ಸುಮ್ಮನೆ ಕೂತರು. ಎದುರು ನಿಂತು ಹೊರಡಲು ಸಂಕೋಚವಾದದ್ದೋ, ಬಿಸಿನೀರಿನ ಆಸೆಯೋ, ಐದು ಜನ ಉಳಿದರು. ಮಹಿಷಾಸುರರು ಸ್ನಾನ ಮಾಡಿ ಬಂದು ಮಲಗಿದವರು, ಪುಂಡುವೇಷದ ಹುಡುಗನ ಒಂದು ಹೆಜ್ಜೆಯ ಬಗ್ಗೆ ಕತ್ತಲಲ್ಲೇ ಏನೋ ಹೇಳುತ್ತಿದ್ದರು. ಗದ್ದೆಯಲ್ಲಿ ಕಂಬ ಬಿಚ್ಚುವ ಸದ್ದು ಕೇಳುತ್ತಲೇ ಇತ್ತು. ಎರಡು ಗಂಟೆಗೆ ಲಾರಿ ಹೊರಟಿತು.

ಆಟ ಆಡಿಸುವವರು ಊಟಕ್ಕೆ ಎಷ್ಟು ಎಲೆ ಎಂದು ಲೆಕ್ಕ ಹಾಕುತ್ತೀರಿ. ಎಷ್ಟು ಚಾಪೆ ಎಂದೂ ಒಮ್ಮೆ ಲೆಕ್ಕ ಹಾಕಿ.