ಬೆಟ್ಟದ ಬಣ್ಣ ಯಾವುದು?



ಹೋದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರದ ಚರ್ಚೆ ಮುಗಿದು ಕಾಫಿ ಬರುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಕಾರ್ಯದರ್ಶಿಗಳು ಈಗೀಗ ಚಿತ್ರ ಬರೀತಾರಂತ. ಸಂಘದ ಕೆಲಸ ಯಾವಾಗ ಮಾಡ್ತಾರ?" ಎಂದು ಕೇಳಿದರು. ಸಭೆ ನಕ್ಕಿತು, ನಾನೂ ನಕ್ಕೆ. ಆದರೆ ಆ ಪ್ರಶ್ನೆಗೆ ನಾನು ಉತ್ತರ ಕೊಡಲೇಬೇಕು. ಅದು ನನ್ನ ಹವ್ಯಾಸಕ್ಕೆ ಮಾತ್ರವಲ್ಲ, ನೀವು ಸಂಘಕ್ಕೆ ತಂದು ಹಾಕುವ ಮಾಲಿಗೂ ಸಂಬಂಧಪಟ್ಟದ್ದು. ಆದ್ದರಿಂದ ಗೊಬ್ಬರದ ಕೋಷ್ಟಕಕ್ಕೆಂದು ಇಟ್ಟಿದ್ದ ಪುಟವನ್ನು ಈ ಸಲ ನಾನು ಕೇಳಿ ಪಡೆದಿದ್ದೇನೆ.

ಮಗಳು ಕಾಲೇಜಿನಲ್ಲಿದ್ದಾಗ ಕೊಂಡಿದ್ದ ಜಲವರ್ಣದ ಡಬ್ಬಿಯೊಂದು ಅಟ್ಟದ ಮೇಲೆ ಇತ್ತು. ಆಕೆ ಮದುವೆಯಾಗಿ ಬೆಂಗಳೂರು ಸೇರಿದ ಮೇಲೆ ಅಟ್ಟ ಗುಡಿಸುವಾಗ ಅದು ಕೈಗೆ ಸಿಕ್ಕಿತು. ಆಗ ನನಗೆ ಐವತ್ತೆರಡು. ಮಳೆ ಹಿಡಿದಿತ್ತು, ತೋಟಕ್ಕೆ ಇಳಿಯುವ ಹಾಗಿರಲಿಲ್ಲ. ಹಳೆಯ ಸುತ್ತೋಲೆಯ ಬೆನ್ನಿನ ಮೇಲೆ ಒಂದು ಅಡಿಕೆ ಮರ ಬರೆದೆ. ಮೂವತ್ತು ವರ್ಷ ಅಡಿಕೆಯ ನಡುವೆ ಬದುಕಿದವನು ಬರೆದ ಮರ ವಿದ್ಯುತ್ ಕಂಬದ ತಲೆಗೆ ಪೊರಕೆ ಕಟ್ಟಿದಂತೆ ಇತ್ತು!

ಮಾರನೆಯ ದಿನ ಛತ್ರಿ ಹಿಡಿದು ಹೋಗಿ ಒಂದೇ ಮರದ ಮುಂದೆ ಅರ್ಧ ಗಂಟೆ ನಿಂತೆ. ಸೋಗೆ ಕಳಚಿದ ಗುರುತಿನ ಉಂಗುರಗಳು ಬುಡದಿಂದ ತುದಿಯವರೆಗೆ ಒಂದೇ ಅಂತರದಲ್ಲಿಲ್ಲ. ಮರ ಚೆನ್ನಾಗಿ ಎದ್ದ ವರ್ಷಗಳಲ್ಲಿ ದೂರ ದೂರ, ನೀರಿಗೆ ಬರ ಬಂದ ವರ್ಷಗಳಲ್ಲಿ ಹತ್ತಿರ ಹತ್ತಿರ. ನಾವು ಮರ ನೋಡುವುದು ಗೊನೆ ಎಣಿಸಲಿಕ್ಕೆ, ಕೊಳೆ ಬಂತೇ ಎಂದು ಹುಡುಕಲಿಕ್ಕೆ. ಮರದ ಮೈ ನೋಡುವ ಕೆಲಸ ಬಿದ್ದಿರಲಿಲ್ಲ. ಮಧ್ಯಾಹ್ನದ ಹೊತ್ತು ತೋಟದೊಳಗಿನ ನೆರಳು ಕಪ್ಪಲ್ಲ, ನೀಲಿ ಬೆರೆತದ್ದು ಎಂದು ಗೊತ್ತಾದದ್ದೂ ಆ ತಿಂಗಳಲ್ಲೇ. ಈ ನೀಲಿಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ವಯಸ್ಸಿನಲ್ಲಿ ಶುರು ಮಾಡಿದರೆ ಏನು ಬಂದೀತು ಎಂಬ ಅಳುಕು ನನಗೂ ಇತ್ತು. ಅದನ್ನು ಬಿಡಿಸಿದವರು ರುಮಾಲೆ ಚನ್ನಬಸವಯ್ಯನವರು. ಒಮ್ಮೆ ಬೆಂಗಳೂರಿಗೆ ಹೋದಾಗ ಅವರ ಚಿತ್ರಗಳನ್ನು ನೋಡಿದೆ. 1910ರಲ್ಲಿ ಹುಟ್ಟಿದ ಅವರು ಎಳೆತನದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಚಿತ್ರಕಲೆ ಕಲಿತವರು. ಮೈಸೂರಿನಲ್ಲಿ ಕಲಿತದ್ದು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ. (ನಮ್ಮ ಊರಿಗೆ 1818ರಲ್ಲಿ ಹೆಸರು ಬಂದದ್ದು ಬೇರೆ ಚಾಮರಾಜರಿಂದ, ಇಲ್ಲೇ ಅರಿಕುಠಾರದಲ್ಲಿ ಹುಟ್ಟಿದವರಿಂದ. ಹೆಸರು ಒಂದೇ ಆದ್ದರಿಂದ ಹೇಳಿದೆ.) ಸ್ವಾತಂತ್ರ್ಯ ಚಳವಳಿಯ ಕರೆ ಬಂದಾಗ ಕುಂಚ ಕೆಳಗಿಟ್ಟು ಖಾದಿ ತೊಟ್ಟು ಹೊರಟರು. ಆಮೇಲೆ ಸೇವಾದಳ, ಪತ್ರಿಕೆ, ರಾಜಕೀಯ ಎಂದು ಮೂರು ದಶಕ ಕಳೆಯಿತು. ಮತ್ತೆ ಪೂರ್ಣ ಮನಸ್ಸಿನಿಂದ ಬಣ್ಣಕ್ಕೆ ಮರಳಿದ್ದು 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ. 1988ರಲ್ಲಿ ತೀರಿಕೊಳ್ಳುವವರೆಗೂ ಬರೆದರು.

ಅವರು ಬರೆದದ್ದು ಬಹುಪಾಲು ಹೂ ಬಿಟ್ಟ ಮರಗಳನ್ನು. ಬೆಂಗಳೂರಿನ ಗುಲ್‌ಮೊಹರ್, ಜಕರಂಡ ಇತ್ಯಾದಿ. ಮನೆಯಲ್ಲಿ ಕುಳಿತು ನೆನಪಿನಿಂದಲ್ಲ, ಮರದ ಮುಂದೆಯೇ ಕುಳಿತು. ಆ ಕೆಂಪು, ಆ ನೇರಿಳೆ ನೋಡಿದರೆ ಮೂವತ್ತು ವರ್ಷ ಒಳಗೇ ಕಟ್ಟಿಟ್ಟಿದ್ದ ನೀರಿಗೆ ತೂಬು ಎತ್ತಿದಂತೆ ಕಾಣುತ್ತದೆ. ನಡುವಿನ ವರ್ಷಗಳು ದಂಡವಾದವು ಎಂದು ನನಗೆ ಅನ್ನಿಸಲಿಲ್ಲ.

ಅವರಿಗಾದರೂ ಎಳವೆಯ ಶಿಕ್ಷಣವಿತ್ತು, ನಮಗೇನಿದೆ ಎನ್ನುವವರಿಗೆ ಅಮೆರಿಕದ ರೈತ ಹೆಂಗಸೊಬ್ಬರ ಮಾತು ಹೇಳುತ್ತೇನೆ. 1860ರಲ್ಲಿ ಹುಟ್ಟಿದ ಆನಾ ಮೇರಿ ಮೋಸೆಸ್ ಆಯುಷ್ಯವೆಲ್ಲ ಹೊಲಮನೆಯ ಕೆಲಸದಲ್ಲೇ ಕಳೆದವರು. ಕಸೂತಿ ಹಾಕುತ್ತಿದ್ದವರಿಗೆ ಕೈಕೀಲು ನೋವು ಬಂದು ಸೂಜಿ ಹಿಡಿಯಲಾಗದೆ, ಎಪ್ಪತ್ತು ದಾಟಿದ ಮೇಲೆ ಕುಂಚ ಹಿಡಿದರು. 1938ರಲ್ಲಿ ಔಷಧಿ ಅಂಗಡಿಯ ಕಿಟಕಿಯಲ್ಲಿಟ್ಟಿದ್ದ ಅವರ ಚಿತ್ರಗಳು ಒಬ್ಬ ಕಲಾಸಂಗ್ರಾಹಕರ ಕಣ್ಣಿಗೆ ಬಿದ್ದವು. 1940ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನವಾಯಿತು. ಅವರು ನೂರೊಂದು ವರ್ಷ ಬದುಕಿದರು. ಬರೆದದ್ದು ತಮ್ಮ ಸುಗ್ಗಿ, ತಮ್ಮ ಹಿಮ, ತಮ್ಮ ಊರಿನ ಜನ, ಅಷ್ಟೇ.

ನನ್ನ ಕಲಿಕೆ ಗುರುವಿಲ್ಲದ ಕಲಿಕೆ, ಆದ್ದರಿಂದ ತಪ್ಪುಗಳೇ ಹೆಚ್ಚು. ಗುಂಡ್ಲುಪೇಟೆಯ ಹಳದಿಗೆ ಗುಂಡ್ಲುಪೇಟೆಯ ಅರಿಸಿನವೇ ಸರಿ ಎಂದು ಅರಿಸಿನ ಕಲಸಿ ಚೆಂಡುಹೂವಿನ ಹೊಲ ಬರೆದೆ. ಕಿಟಕಿಯ ಬಿಸಿಲಿಗೆ ಕೆಲವೇ ವಾರಗಳಲ್ಲಿ ಹೊಲ ಬಿಳಿಚಿಕೊಂಡಿತು. ಅರಿಸಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಪಕ್ಕದ ಬದುವಿಗೆ ಹಚ್ಚಿದ್ದ ಕೆಮ್ಮಣ್ಣು ಮಾತ್ರ ಇಂದಿಗೂ ಹಾಗೇ ಇದೆ, ಅದು ಕಬ್ಬಿಣದ ಬಣ್ಣ. ಮಲೆನಾಡಿನ ದೀವರ ಹೆಂಗಸರು ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟು, ಸುಟ್ಟ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ ಬಳಸುವುದು ಸುಮ್ಮನೆ ಅಲ್ಲ.

ಕಾಫಿ ಹೂವಿನದು ಇನ್ನೊಂದು ಪಾಠ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬಿಳಿ. ಆ ಬಿಳಿಯನ್ನು ಬಳಿಯಲು ಹೋಗಿ ಹತ್ತು ಹಾಳೆ ಕೆಡಿಸಿದೆ. ಜಲವರ್ಣದಲ್ಲಿ ಬಿಳಿಯನ್ನು ಬಳಿಯುವುದಲ್ಲ, ಬಿಡುವುದು. ಸುತ್ತಲಿನ ಎಲೆ, ನೆರಳು ಬರೆದರೆ ಬಿಟ್ಟ ಕಾಗದವೇ ಹೂವಾಗುತ್ತದೆ. ಪ್ರಯತ್ನಿಸುವವರು ದುಬಾರಿ ಪೆಟ್ಟಿಗೆ ಕೊಳ್ಳಬೇಡಿ. ಕೆಂಪು, ಹಳದಿ, ನೀಲಿ ಮೂರು ಟ್ಯೂಬು, ಒಂದು ಸಣ್ಣ ಒಂದು ದಪ್ಪ ಬ್ರಷ್ ಸಾಕು. ಕಾಗದದಲ್ಲಿ ಮಾತ್ರ ಜಿಪುಣತನ ಬೇಡ. ದಪ್ಪ ಕಾಗದ ತೆಗೆದುಕೊಂಡು, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಅಡಿಗೆಮನೆ ಗೂಡಿನಲ್ಲಿಡಿ.

ಇನ್ನು ಬೆಟ್ಟದ ವಿಷಯ. ನಮ್ಮ ಹೊಲದ ಬದುವಿನಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಚೆನ್ನಾಗಿ ಕಾಣುತ್ತದೆ. ಅದನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಎರಡು ವರ್ಷದ ಹಿಂದೆ, ಕಾರ್ತಿಕದ ಒಂದು ಬೆಳಿಗ್ಗೆ, ಮುಗಿಸಿದ ಚಿತ್ರವನ್ನು ಒಣಗಲು ಜಗಲಿಯ ಮೇಲಿಟ್ಟಿದ್ದೆ. ತೋಟದ ಕೆಲಸಕ್ಕೆ ಬರುವ ಹೆಂಗಸು ಬಗ್ಗಿ ನೋಡಿ, "ಇದ್ಯಾಕ ಬುದ್ಧಿ, ಬೆಟ್ಟ ಒಣಗಿ ಹೋಗದ?" ಎಂದಳು. ನಾನು ಬೆಟ್ಟವನ್ನು ನೋಡಿದೆ, ಚಿತ್ರವನ್ನು ನೋಡಿದೆ. ನನಗೆ ಎರಡೂ ಒಂದೇ. ಮನೆಯವರನ್ನು ಕರೆದು ಕೇಳಿದೆ. "ಬೆಟ್ಟ ನೀಲಿಯಾಗಿದೆ, ನೀವು ಕಂದು ಬಳಿದಿದ್ದೀರಿ" ಎಂದರು.

ಹಿಂದಿನ ವರ್ಷದ ಚಿತ್ರಗಳನ್ನು ತೆಗೆದು ಸಾಲಾಗಿ ಇಟ್ಟೆವು. ಮೊದಲನೆಯದರಲ್ಲಿ ನೀಲಿ, ನಡುವಿನದರಲ್ಲಿ ಬೂದು, ಕೊನೆಯದರಲ್ಲಿ ಕಂದು. ಬೆಟ್ಟವಂತೂ ಬದಲಾಗಿರಲಿಲ್ಲ.

ಮೈಸೂರಿನ ಕಣ್ಣಿನ ವೈದ್ಯರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಪೊರೆ ಬಂದ ಮಸೂರ ಹಳದಿಗಟ್ಟುತ್ತದೆ, ಮೊದಲು ನೀಲಿಯನ್ನು ತಡೆಯುತ್ತದೆ, ನಿಧಾನವಾಗಿ ಬರುವುದರಿಂದ ನೋಡುವವನಿಗೆ ತಿಳಿಯುವುದಿಲ್ಲ ಎಂದು ವಿವರಿಸಿದರು. ಫ್ರಾನ್ಸಿನ ಚಿತ್ರಕಾರ ಮೋನೆಗೂ ಹೀಗೇ ಆಗಿತ್ತು. ತಾನೇ ಮಾಡಿದ ತೋಟವನ್ನೂ ತಾವರೆಕೊಳವನ್ನೂ ಬರೆಯುತ್ತಿದ್ದ ಅವರ ಬಣ್ಣಗಳು ಪೊರೆಯ ವರ್ಷಗಳಲ್ಲಿ ಕೆಂಪು, ಕಂದಿಗೆ ತಿರುಗಿದವು. 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು.

ನನಗೂ ಆಯಿತು. ಕಟ್ಟು ಬಿಚ್ಚಿದ ದಿನ ಆಸ್ಪತ್ರೆಯ ಗೋಡೆ ಬಿಳಿಯಾಗಿ ಕಂಡಿತು, ಬಕೆಟ್ಟು ಎಂತಹ ನೀಲಿ! ಆದರೆ ಮನೆಗೆ ಬರುವ ದಾರಿಯಲ್ಲಿ, ಬೇಗೂರು ದಾಟುವ ಹೊತ್ತಿಗೆ, ಬೇರೊಂದು ವಿಚಾರ ತಲೆಗೆ ಹೊಕ್ಕು ಕುಳಿತಿತು. ಆ ಎರಡು ಹಂಗಾಮಿನಲ್ಲಿ ಬೆಟ್ಟದ ಕಡೆಯಿಂದ ಬಂದ ಕಾಫಿಯ ಮಾದರಿ ನೋಡಿ ದರ್ಜೆ ಹೇಳಿದವನು ನಾನು. ಚೆನ್ನಾಗಿ ತೊಳೆದು ಒಣಗಿಸಿದ ಅರೇಬಿಕಾ ಬೀಜದ ಲಕ್ಷಣವೇ ನೀಲಿ ಬೆರೆತ ಹಸಿರು. ಆ ನೀಲಿಯನ್ನೇ ನನ್ನ ಕಣ್ಣು ನುಂಗಿತ್ತು.

ಬಿಳಿಗಿರಿ ಬೆಟ್ಟದ ಕಡೆಯ ಸಣ್ಣ ಬೆಳೆಗಾರರೊಬ್ಬರ ಪಾರ್ಚ್‌ಮೆಂಟ್ ಬಿಡಿಸಿ ನೋಡಿ, "ಬಣ್ಣ ಮಾಸಿದೆ, ತೇವದಲ್ಲಿ ಇಟ್ಟಿದ್ದೀರಿ" ಎಂದಿದ್ದೆ. "ಇಲ್ಲ ಸ್ವಾಮಿ, ಅಟ್ಟಣೆ ಮ್ಯಾಲ ಒಣಗ್ಸಿದ್ದು" ಎಂದು ಅವರು ಎರಡು ಸಲ ಹೇಳಿದರು. ತೇವಮಾಪಕದ ಅಂಕಿ ಸರಿಯಾಗಿಯೇ ಇತ್ತು. ನಾನು ಯಂತ್ರವನ್ನೂ ನಂಬಲಿಲ್ಲ, ಅವರನ್ನೂ ನಂಬಲಿಲ್ಲ, ಮೂವತ್ತು ವರ್ಷದ ಅನುಭವದ ಕಣ್ಣು ಎಂದೆ. ಕೆಂಪಡಿಕೆಯಲ್ಲಿ ಅಷ್ಟು ತಪ್ಪಾಗಿರಲಾರದು, ಪೊರೆ ಕದಿಯುವುದು ನೀಲಿಯನ್ನು. ಕಾಫಿಯಲ್ಲಿ ಆಗಿದೆ.

ಅವರ ಮನೆಗೆ ಹೋಗಿ ಹೇಳಿ ಬಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಾಫಿ ಕೊಟ್ಟರು. "ಆ ವರ್ಷ ಹುಡುಗನ ಹಾಸ್ಟೆಲ್ ಕಟ್ಟಕ್ಕ ಸಾಲ ಮಾಡ್ದಿ" ಎಂದಷ್ಟೇ ಹೇಳಿದರು.

ವ್ಯತ್ಯಾಸದ ಮೊತ್ತವನ್ನು ನನ್ನ ಮಾಲಿನ ಬಟವಾಡೆಯಲ್ಲಿ ಹಿಡಿದುಕೊಳ್ಳಬೇಕೆಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇನೆ. ತೀರ್ಮಾನ ಮುಂದಿನ ಸಭೆಯಲ್ಲಿ. ಈ ಹಂಗಾಮಿನಿಂದ ಮಾದರಿಯನ್ನು ಇಬ್ಬರು ಬೇರೆ ಬೇರೆಯಾಗಿ, ಉತ್ತರದ ಕಿಟಕಿಯ ಬೆಳಕಿನಲ್ಲಿ ನೋಡುತ್ತಾರೆ, ತೇವಮಾಪಕದ ಅಂಕಿಯನ್ನು ಚೀಟಿಯಲ್ಲಿ ಬರೆಯುತ್ತಾರೆ. ದೀಪದ ಬೆಳಕಿನಲ್ಲಿ ಬಣ್ಣ ಹೇಳುವುದಿಲ್ಲವಾದ್ದರಿಂದ ಸಂಜೆ ನಾಲ್ಕರೊಳಗೆ ಮಾದರಿ ತರತಕ್ಕದ್ದು. ಶಸ್ತ್ರಚಿಕಿತ್ಸೆಗೆ ಹಿಂದಿನ ಆ ಎರಡು ಹಂಗಾಮಿನಲ್ಲಿ 'ಬಣ್ಣ ಮಾಸಿದೆ' ಎಂಬ ಕಾರಣಕ್ಕೆ ದರ್ಜೆ ಇಳಿದವರು ತಮ್ಮ ಚೀಟಿಗಳೊಂದಿಗೆ ನನ್ನನ್ನು ಕಾಣಬೇಕಾಗಿ ವಿನಂತಿ. ಕಂದು ಬೆಟ್ಟದ ಚಿತ್ರವನ್ನು ಕಚೇರಿಯಲ್ಲಿ, ನನ್ನ ಮೇಜಿನ ಎದುರಿಗೆ ತೂಗು ಹಾಕಿದ್ದೇನೆ.